ಇಂಗಾಲವೆಂಬ ಶಬ್ದವೂ ನಮ್ಮ ಎರೆಮಣ್ಣೂ

ನಮ್ಮ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಕನ್ನಡ ಪಂಡಿತನಾದ ನನ್ನಿಂದ ಛಂದಸ್ಸನ್ನೋ ಹಳಗನ್ನಡದ ಒಂದು ಕಾವ್ಯಪ್ರಸಂಗವನ್ನೋ ಅವರು ನಿರೀಕ್ಷಿಸಿದ್ದರೆಂಬುದು ನನಗೆ ತಿಳಿಯದ ಸಂಗತಿಯೇನಲ್ಲ. ಆದರೆ ಈ ಸಲ ನಾನು ಇಂಗಾಲದ ವಿಷಯವನ್ನು ಬರೆಯಲು ನಿಶ್ಚಯಿಸಿದ್ದೇನೆ. ವಿಜ್ಞಾನದ ಅಧ್ಯಾಪಕರು ಇರುವಾಗ ಪಂಡಿತನಿಗೆ ಈ ಗೊಡವೆ ಏಕೆಂದು ಯಾರಾದರೂ ಕೇಳಿದರೆ, ನನ್ನಿಂದ ನಡೆದುಹೋದ ಒಂದು ತಪ್ಪನ್ನು ಒಪ್ಪಿಕೊಳ್ಳುವುದಕ್ಕಾಗಿ ಎಂಬುದೇ ನನ್ನ ಉತ್ತರ.

2022ನೆಯ ಇಸವಿಯ ಮಾಘಮಾಸದಲ್ಲಿ, ತೊಗರಿಯ ರಾಶಿಗಳು ಮುಗಿದಿದ್ದ ದಿನಗಳಲ್ಲಿ, ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ನನ್ನ ಮನೆಗೆ ಬಂದ. ಸೇಡಂ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎಂಟು ಎಕರೆ ಎರೆಭೂಮಿಯ ಒಕ್ಕಲುತನ ಅವನದು. ಅವನ ಕೈಯಲ್ಲಿ ಮಣ್ಣು ಪರೀಕ್ಷೆಯ ಚೀಟಿಯಿತ್ತು. ಕೇಂದ್ರ ಸರಕಾರವು 2015ರಲ್ಲಿ ಆರಂಭಿಸಿದ ಮಣ್ಣಿನ ಆರೋಗ್ಯ ಚೀಟಿಯ ಯೋಜನೆಯದು ಅದು. ಸಾರಜನಕ, ರಂಜಕ, ಪೊಟ್ಯಾಷ್ ಇವುಗಳ ಹೆಸರನ್ನು ಗೊಬ್ಬರದ ಚೀಲಗಳ ಮೇಲೆ ಓದಿ ಬಲ್ಲ ಆತ, ಒಂದು ಸಾಲಿನ ಮೇಲೆ ಬೆರಳಿಟ್ಟು, “ಸರ, ಉಳಿದದ್ದೆಲ್ಲಾ ತಿಳೀತ್ರಿ. ಈ ಸಾವಯವ ಇಂಗಾಲ ಅಂದ್ರ ಏನ್ರಿ? ಕಡಿಮಿ ಅಂತ ಬರ್ದಾರ” ಎಂದು ಕೇಳಿದ.

ಶಬ್ದದ ಅರ್ಥವನ್ನು ಕೇಳಿಕೊಂಡು ಬಂದವನು ಸಿಕ್ಕಿದರೆ ಪಂಡಿತನಿಗೆ ಹಬ್ಬ. ನಾನು ಹುರುಪಿನಿಂದ ಹೇಳಿದೆ: ಸಂಸ್ಕೃತದ ‘ಅಂಗಾರ’ ಶಬ್ದವು ಪ್ರಾಕೃತದಲ್ಲಿ ‘ಇಂಗಾಲ’ವಾಯಿತು, ಹಳಗನ್ನಡದಲ್ಲಿ ‘ಇಂಗಳ’ವಾಯಿತು, ನೆರೆಯ ಮರಾಠಿಯಲ್ಲಿ ಇಂದಿಗೂ ಕೆಂಡಕ್ಕೆ ಇಂಗಳವೆಂದೇ ಹೆಸರು, ಕೆಂಡದಂತೆ ಕೆಂಪಗಿರುವ ಮಂಗಳಗ್ರಹವನ್ನು ಅಂಗಾರಕನೆನ್ನುವುದೂ ಇದರಿಂದಲೇ, ಇಂಗ್ಲಿಷಿನ ‘ಕಾರ್ಬನ್’ ಶಬ್ದವೂ ಲ್ಯಾಟಿನ್ನಿನಲ್ಲಿ ಇದ್ದಿಲು ಎಂಬರ್ಥದ ‘ಕಾರ್ಬೊ’ದಿಂದ ಹುಟ್ಟಿದ್ದಾದುದರಿಂದ ನಮ್ಮ ಹಿರಿಯರು ಆರಿಸಿದ ಪಾರಿಭಾಷಿಕ ಪದವು ಅತ್ಯಂತ ಸಮಂಜಸವಾದುದು. ‘ಸಾವಯವ’ ಎಂದರೆ ಅವಯವಗಳಿಂದ ಕೂಡಿದುದು. ಸಂಸ್ಕೃತದ ಸಾವಯವಕ್ಕೂ ತದ್ಭವವಾದ ಇಂಗಾಲಕ್ಕೂ ಸಮಾಸವಾದರೆ ಹಳೆಯ ವೈಯಾಕರಣರು ಅರಿಸಮಾಸವೆಂದು ಹುಬ್ಬು ಗಂಟಿಕ್ಕುತ್ತಿದ್ದರು, ಬಿಡಿಬಿಡಿಯಾಗಿ ಬರೆದದ್ದರಿಂದ ಬದುಕಿತು ಎಂದು ಚಟಾಕಿಯನ್ನೂ ಹಾರಿಸಿದೆ. ಅವನು ಸಾವಧಾನದಿಂದ ಕೇಳಿ, ಚಹಾ ಕುಡಿದು, ಕಾಲಿಗೆ ನಮಸ್ಕರಿಸಿ ಹೋದ.

ವೈಶಾಖದಲ್ಲಿ ಬಸ್ ನಿಲ್ದಾಣದ ಬಳಿ ಮತ್ತೆ ಭೇಟಿಯಾದ. ನನ್ನೊಡನೆ ನಮ್ಮ ಶಾಲೆಯ ವಿಜ್ಞಾನದ ಅಧ್ಯಾಪಕರೂ ಇದ್ದರು. “ನೀವು ಹೇಳಿದಂಗ ಮಾಡೀನ್ರಿ ಸರ. ಈ ವರ್ಷ ತೊಗರಿ ಕಟ್ಟಿಗಿ ಮನೀಗೆ ಒಯ್ಯಲಿಲ್ಲ. ಹೊಲದಾಗೇ ಒಟ್ಟಿ ಸುಟ್ಟು, ಕೆಂಡ ಆರಿದ ಮ್ಯಾಲ ಬೂದಿ ಎಲ್ಲಾ ಕಡೆ ಹರವೀನಿ” ಎಂದ. ಅವನ ಮುಖದಲ್ಲಿ ಸಂತೋಷವಿತ್ತು. ನನ್ನ ಸಹೋದ್ಯೋಗಿಗಳು ನನ್ನ ಮುಖವನ್ನೇ ನೋಡಿದರು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವರು ತಿಳಿಯಹೇಳಿದ ಮಾತುಗಳು ನನಗೆ ಶಿಕ್ಷೆಯಂತೆ ಕೇಳಿಸಿದವು. ಒಣಗಿದ ತೊಗರಿ ಕಟ್ಟಿಗೆಯ ತೂಕದಲ್ಲಿ ಹೆಚ್ಚು ಕಡಿಮೆ ಶೇಕಡ 45 ಭಾಗ ಇಂಗಾಲ. ನೂರು ಕಿಲೋ ಕಟ್ಟಿಗೆಯನ್ನು ಪೂರ್ತಿಯಾಗಿ ಸುಟ್ಟರೆ ಅದರೊಳಗಿನ 45 ಕಿಲೋ ಇಂಗಾಲವು ಗಾಳಿಯಲ್ಲಿಯ ಆಮ್ಲಜನಕವನ್ನು ಕೂಡಿಕೊಂಡು ಸುಮಾರು 165 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಮೇಲೇರಿಹೋಗುತ್ತದೆ. ಉಳಿಯುವ ಹಿಡಿಯಷ್ಟು ಬೂದಿಯಲ್ಲಿ ಸುಣ್ಣ, ಪೊಟ್ಯಾಷ್ ಮುಂತಾದ ಲವಣಗಳಿರುತ್ತವೆಯೇ ಹೊರತು ಚೀಟಿಯಲ್ಲಿ ಕಡಿಮೆಯೆಂದು ಬರೆದಿದ್ದ ಆ ಪದಾರ್ಥವಿರುವುದಿಲ್ಲ. ಹಣೆಗೆ ಧರಿಸುವ ವಿಭೂತಿಯನ್ನು ಬಲ್ಲ ನನಗೆ ಇದು ಹೊಳೆಯಬೇಕಾಗಿತ್ತು. ಸಗಣಿಯ ಕುಳ್ಳು ಸರಿಯಾಗಿ ಬೇಯದಿದ್ದರೆ ಬೂದಿ ಕಪ್ಪು, ಚೆನ್ನಾಗಿ ಬೆಂದರೆ ಬಿಳುಪು. ಆ ಕಪ್ಪು ಇನ್ನೂ ಉಳಿದಿರುವ ಇಂಗಾಲದ್ದು. ಬಿಳುಪು ಅದು ಹೊರಟುಹೋಯಿತೆಂಬುದರ ಗುರುತು. ಇಂಗಾಲವನ್ನು ಹೊಲಕ್ಕೆ ಸೇರಿಸಬೇಕಾಗಿದ್ದವನು ಇಂಗಾಲವನ್ನು ಹೊಲದಿಂದ ಓಡಿಸಿದ್ದ. ಅವನು ಹಾಗೆ ಮಾಡಿದ್ದು ನನ್ನ ನಿರ್ವಚನವನ್ನು ನಂಬಿ.

ಶಬ್ದದ ಮೂಲವನ್ನು ಹೇಳಿದ್ದರಲ್ಲಿ ನನ್ನದೇನೂ ತಪ್ಪಿರಲಿಲ್ಲ. ಆದರೆ ಇಂಗಾಲವೆಂಬ ಶಬ್ದವು ಒಂದು ಉರಿಯುವ ಗಳಿಗೆಯನ್ನು ಮಾತ್ರ ಹಿಡಿದುಕೊಂಡು ಹುಟ್ಟಿದ್ದು. ಕೆಂಡದಲ್ಲಿ ಕಣ್ಣಿಗೆ ಬಿದ್ದುದಕ್ಕೆ ಕೆಂಡದ ಹೆಸರನ್ನಿಟ್ಟರು. ಅದೇ ವಸ್ತು ಎಲೆಯಲ್ಲಿ, ಬೇಳೆಯಲ್ಲಿ, ರಕ್ತದಲ್ಲಿ, ನಮ್ಮ ನೆಲದ ಕಲ್ಲಿನಲ್ಲಿ ಉರಿಯದೆ ಕುಳಿತಿದೆಯೆಂಬುದನ್ನು ಆ ಹೆಸರು ಹೇಳುವುದಿಲ್ಲ. ಹೇಳಬೇಕಾದವನು ಅಧ್ಯಾಪಕ. ನಮ್ಮ ಶಾಲೆಗಳಲ್ಲಿ ಅದನ್ನು ಹೇಳುತ್ತಿಲ್ಲವೆಂಬುದೂ, ಹೇಳದಿರುವುದರಿಂದ ಸೇಡಂ, ಚಿತ್ತಾಪುರ, ಚಿಂಚೋಳಿಯ ಒಕ್ಕಲಿಗರಿಗೆ ನಿಜವಾದ ಹಾನಿಯಾಗುತ್ತಿದೆಯೆಂಬುದೂ ಈ ಲೇಖನದಲ್ಲಿ ನನ್ನ ವಾದ.

ಅನಂತರದ ದಿನಗಳಲ್ಲಿ ನಾನು ಆ ಸಹೋದ್ಯೋಗಿಗಳ ಶಿಷ್ಯನಾದೆ. ಐವತ್ತು ದಾಟಿದ ಮೇಲೆ ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕವನ್ನು ಹಿಡಿದು ಕುಳಿತವನಿಗೆ ಮೊದಲು ಕಂಡದ್ದು ಸ್ವಂತ ಮನೆಯ ಶಬ್ದವೇ. ನಮ್ಮ ವ್ಯಾಕರಣದಲ್ಲಿ ಕ್ರಿಯಾಪದದ ಬೇರಿಗೆ ‘ಧಾತು’ ಎನ್ನುತ್ತೇವೆ. ಅವರು ಮೂಲವಸ್ತುವಿಗೆ ‘ಧಾತು’ ಎನ್ನುತ್ತಾರೆ. ಎಲ್ಲ ಧಾತುಗಳಲ್ಲಿ ಇಂಗಾಲದ ವಿಶೇಷವೇನೆಂದರೆ, ಅದು ನಾಲ್ಕು ಕಡೆ ಕೈಚಾಚಬಲ್ಲದು, ಮತ್ತು ಆ ಕೈಗಳಿಂದ ತನ್ನವೇ ಇತರ ಅಣುಗಳನ್ನು ಹಿಡಿದು ಸರಪಳಿಯಾಗಿ, ಬಳೆಯಾಗಿ, ಬಲೆಯಾಗಿ ಬೆಳೆಯಬಲ್ಲದು. ಬಾಣನ ಗದ್ಯದಲ್ಲಿ ಪುಟಗಟ್ಟಲೆ ಹರಿಯುವ ಸಮಾಸಗಳನ್ನು ಓದಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಸಕ್ಕರೆ, ಪಿಷ್ಟ, ಎಣ್ಣೆ, ಪ್ರೋಟೀನು, ಹತ್ತಿಯ ನೂಲು, ವಂಶವಾಹಿಯ ಎಳೆ, ಪ್ಲಾಸ್ಟಿಕ್ಕು, ಪೆಟ್ರೋಲು ಎಲ್ಲವೂ ಆ ಧಾತುವಿನ ಸಮಾಸಗಳು. ಅರವತ್ತು ಕಿಲೋ ತೂಗುವ ಮನುಷ್ಯನ ದೇಹದಲ್ಲಿ ಹತ್ತು ಹನ್ನೊಂದು ಕಿಲೋ ಇಂಗಾಲವೇ ಇರುತ್ತದೆಯಂತೆ. ಅದೇ ಧಾತು ಬೇರೊಂದು ಜೋಡಣೆಯಲ್ಲಿ ಪೆನ್ಸಿಲ್ಲಿನ ಕಡ್ಡಿ, ಇನ್ನೊಂದರಲ್ಲಿ ವಜ್ರ. ಗೋಲ್ಕೊಂಡದ ಹೆಸರಿನಲ್ಲಿ ಲೋಕವಿಖ್ಯಾತವಾದ ವಜ್ರಗಳೂ ಬಡವರ ಮನೆಯ ಇದ್ದಿಲೂ ಒಂದೇ ವಸ್ತುವೆಂಬುದನ್ನು 1797ರಲ್ಲಿ ಸ್ಮಿತ್‌ಸನ್ ಟೆನೆಂಟ್ ಎಂಬ ಆಂಗ್ಲ ರಸಾಯನವಿಜ್ಞಾನಿ ವಜ್ರವನ್ನು ಸುಟ್ಟು ತೋರಿಸಿದನು. ಸುಟ್ಟೇ ತೋರಿಸಬೇಕಾಯಿತೆಂಬುದು ನನಗೆ ಸ್ವಲ್ಪ ಸಮಾಧಾನ ತಂದಿತು. ಪಂಡಿತರು ಮಾತ್ರವಲ್ಲ, ವಿಜ್ಞಾನಿಗಳೂ ಇಂಗಾಲವನ್ನು ಮೊದಲು ಬೆಂಕಿಯಲ್ಲಿಯೇ ಕಂಡಿದ್ದಾರೆ.

ಜೀವಿಗಳ ಶರೀರದಲ್ಲಿ ಹುಟ್ಟುವ ಪದಾರ್ಥಗಳನ್ನು ಜೀವಿಗಳು ಮಾತ್ರ ಮಾಡಬಲ್ಲವು ಎಂಬ ನಂಬಿಕೆ ಹಿಂದೆ ಬಲವಾಗಿತ್ತು. 1828ರಲ್ಲಿ ಜರ್ಮನಿಯ ಫ್ರೀಡ್ರಿಕ್ ವೋಲರನು ಪ್ರಯೋಗಶಾಲೆಯ ಪಾತ್ರೆಯಲ್ಲಿ ಯೂರಿಯಾವನ್ನು ತಯಾರಿಸಿ ಆ ನಂಬಿಕೆಯನ್ನು ಅಲುಗಿಸಿದನು. ಇಂದು ನಮ್ಮ ರೈತರು ಚೀಲಗಟ್ಟಲೆ ಚೆಲ್ಲುವ ಯೂರಿಯಾ ಅದೇ. ಚೀಲದ ಮೇಲೆ ಶೇಕಡ 46 ಸಾರಜನಕವೆಂದು ಅಚ್ಚಾಗಿರುತ್ತದೆ; ಅದರಲ್ಲಿ ಶೇಕಡ 20ರಷ್ಟು ಇಂಗಾಲವೂ ಇದೆಯೆಂಬುದನ್ನು ಯಾರೂ ಅಚ್ಚು ಹಾಕುವುದಿಲ್ಲ. ಹಾಗಾದರೆ ಯೂರಿಯಾ ಹಾಕಿದರೆ ಚೀಟಿಯ ಕೊರತೆ ನೀಗುವುದಲ್ಲವೇ ಎಂದು ನಾನು ಕೇಳಿದೆ. ಇಲ್ಲವಂತೆ. ಮಣ್ಣಿನೊಳಗೆ ಯೂರಿಯಾ ಒಡೆದ ಕೂಡಲೆ ಆ ಇಂಗಾಲವು ಡೈಆಕ್ಸೈಡಾಗಿ ಹೊರಟುಹೋಗುತ್ತದೆ. ನನ್ನ ಶಿಷ್ಯನಿಗೆ ಇದನ್ನು ಮೊದಲೇ ಹೇಳದೆ ಹೋಗಿದ್ದರೆ ನನ್ನ ಎರಡನೆಯ ನಿರ್ವಚನದಿಂದ ಎರಡನೆಯ ಹಾನಿಯಾಗುತ್ತಿತ್ತು.

ಇನ್ನೊಂದು ತೊಡಕಿದೆ, ಮತ್ತು ಅದು ನಮ್ಮ ಸೀಮೆಗೇ ವಿಶೇಷವಾದುದು. ನಮ್ಮ ಮಣ್ಣಿನಲ್ಲಿ ಇಂಗಾಲ ಕಡಿಮೆಯೆಂದರೆ ಭೂವಿಜ್ಞಾನಿ ನಕ್ಕಾನು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದುಗಳ ಕೆಳಗೆ ಇರುವುದೆಲ್ಲ ಸುಣ್ಣದಕಲ್ಲು. ಅದು ಕ್ಯಾಲ್ಸಿಯಂ, ಇಂಗಾಲ, ಆಮ್ಲಜನಕ ಈ ಮೂರರ ಸಂಯೋಗ. ಶುದ್ಧವಾದ ಕಲ್ಲಿನ ನೂರು ಕಿಲೋದಲ್ಲಿ ಹನ್ನೆರಡು ಕಿಲೋ ಇಂಗಾಲ. 50 ಕೋಟಿ ವರ್ಷಗಳಿಗಿಂತಲೂ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಚಿಪ್ಪು ಹೊತ್ತ ಜೀವಿಗಳು ಇನ್ನೂ ಹುಟ್ಟದ ಕಾಲ ಅದು; ಆದುದರಿಂದಲೇ ನಾವು ದಿನವೂ ತುಳಿಯುವ ಶಹಾಬಾದ ಫರಸಿಯಲ್ಲಿ ಶಂಖವಾಗಲಿ ಕಪ್ಪೆಚಿಪ್ಪಾಗಲಿ ಸಿಗುವುದಿಲ್ಲ. ಸಮುದ್ರದ ನೀರಿನಲ್ಲಿ ಕರಗಿದ್ದ ಸುಣ್ಣವು ಪದರ ಪದರವಾಗಿ ತಳಕ್ಕೆ ಇಳಿಯಿತು. ಕಣ್ಣಿಗೆ ಕಾಣದ ಜೀವಿಗಳ ಕೈವಾಡವೂ ಅದರಲ್ಲಿ ಇದ್ದಿರಬಹುದು. ಬಹುಕಾಲದ ಮೇಲೆ, ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನಿನ ಜ್ವಾಲಾಮುಖಿಗಳ ಕರಿಯ ಶಿಲಾರಸವು ಹರಿದುಬಂತು, ಅದು ಸವೆದು ಎರೆಮಣ್ಣಾಯಿತು. ಚಿಂಚೋಳಿಯ ಗುಡ್ಡಗಳ ನೆತ್ತಿಯಲ್ಲಿ ಅದೇ ಕರಿಗಲ್ಲು ಮಳೆಗೆ ನೆನೆದು ಬಿಸಿಲಿಗೆ ಬೆಂದು ಕೆಂಪು ಮುರಕಲ್ಲಾಗಿದೆ. ನಮ್ಮ ಎರೆಮಣ್ಣನ್ನು ಕೈಯಲ್ಲಿ ಪುಡಿಮಾಡಿದರೆ ಬಿಳಿಯ ಸುಣ್ಣದ ಹರಳುಗಳು ಕಾಣುತ್ತವೆ. ಅಂದಮೇಲೆ ಮಣ್ಣಿನಲ್ಲಿ ಇಂಗಾಲವಿದೆ, ಕಲ್ಲಿನ ರೂಪದಲ್ಲಿ. ಬೆಳೆಗೆ ಬೇಕಾದುದು ಜೀವದ ರೂಪದ್ದು, ಅಂದರೆ ಕೊಳೆತ ಎಲೆ, ಬೇರು, ಸಗಣಿ, ಸೂಕ್ಷ್ಮಜೀವಿಗಳ ಒಡಲು ಇವುಗಳಿಂದ ಬಂದದ್ದು. ‘ಸಾವಯವ’ವೆಂಬ ವಿಶೇಷಣದ ಪ್ರಯೋಜನ ನನಗೆ ತಿಳಿದದ್ದು ಆಗ. ಕೋಶದ ಅರ್ಥವನ್ನು ಒಪ್ಪಿಸಿದವನು ಅದರ ವ್ಯಾವರ್ತಕ ಶಕ್ತಿಯನ್ನೇ ಬಿಟ್ಟಿದ್ದೆ. ಸುಣ್ಣ ಮೊದಲೇ ಹೆಚ್ಚಾಗಿರುವ ಇಂಥ ಮಣ್ಣಿಗೆ ಬೂದಿಯ ಸುಣ್ಣವನ್ನು ಇನ್ನಷ್ಟು ಸೇರಿಸಿ ಪ್ರಯೋಜನವೂ ಇಲ್ಲ.

ಚೀಟಿಯ ಲೆಕ್ಕದಲ್ಲಿ ಸಾವಯವ ಇಂಗಾಲವು ಶೇಕಡ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75ರವರೆಗೆ ಮಧ್ಯಮ, ಮೇಲೆ ಹೆಚ್ಚು. ಅಂಕಿ ಸಣ್ಣದೆಂದು ಉಪೇಕ್ಷಿಸಬಾರದು. ಒಂದು ಎಕರೆಯ ಮೇಲಿನ ಗೇಣು ಮಣ್ಣಿನ ತೂಕ ಸುಮಾರು ಒಂಬತ್ತು ಲಕ್ಷ ಕಿಲೋ, ಅದರಲ್ಲಿ 0.1 ಏರಬೇಕಾದರೆ 900 ಕಿಲೋ ಇಂಗಾಲವು ಅಲ್ಲಿ ನಿಲ್ಲಬೇಕು. ಹಾಕಿದ್ದೆಲ್ಲ ನಿಲ್ಲುವುದೂ ಇಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ನಮ್ಮಂತೆಯೇ ಉಂಡು ಉಸಿರಾಡುವುದರಿಂದ ಹೆಚ್ಚಿನ ಪಾಲು ಮತ್ತೆ ಗಾಳಿಗೆ ಹೋಗುತ್ತದೆ. ನಮ್ಮ ಬೇಸಗೆಯ ಬಿಸಿಲು ಆ ಕೆಲಸವನ್ನು ಇನ್ನೂ ತೀವ್ರಗೊಳಿಸುತ್ತದೆ. ಆದಕಾರಣ ಇದು ಒಂದು ವರ್ಷದಲ್ಲಿ ಆಗುವ ಕೆಲಸವಲ್ಲ, ಆದರೆ ಒಂದೇ ಸಂಜೆಯ ಬೆಂಕಿಯಲ್ಲಿ ಒಂದು ವರ್ಷದ ಅವಕಾಶವನ್ನು ಕಳೆದುಕೊಳ್ಳಬಹುದು. ಇಂಗಾಲ ಕಡಿಮೆಯಾದ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವುದು ಕಡಿಮೆ, ಬಿರಿಯುವುದು ಹೆಚ್ಚು, ಹಾಕಿದ ರಸಗೊಬ್ಬರದ ಫಲವೂ ಅದರಲ್ಲಿ ಅಷ್ಟಕ್ಕಷ್ಟೆ. ಆಶ್ವಯುಜದಲ್ಲಿ ಮಳೆ ಕೈಕೊಟ್ಟಾಗ ಹೂವು ಉದುರುವ ಹೊಲ ಯಾವುದು, ನಿಲ್ಲುವ ಹೊಲ ಯಾವುದು ಎಂಬುದನ್ನು ಈ ಸೀಮೆಯ ಮುದುಕರು ಯಾವ ಚೀಟಿಯೂ ಇಲ್ಲದೆ ಹೇಳಬಲ್ಲರು.

ತೊಗರಿಯಂತೂ ಈ ವಿಷಯದಲ್ಲಿ ನಮಗೆ ಗುರುವೇ ಸರಿ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆಯಿತೆಂದು ನಾವೆಲ್ಲ ಹಿಗ್ಗಿದೆವು. ಅದರ ಬೇರುಗಂಟುಗಳಲ್ಲಿ ಬ್ಯಾಕ್ಟೀರಿಯಾಗಳು ಬಾಡಿಗೆಗಿವೆ. ಗಿಡವು ಸೂರ್ಯನ ಬೆಳಕಿನಲ್ಲಿ ಗಾಳಿಯ ಇಂಗಾಲವನ್ನು ಹಿಡಿದು ಮಾಡಿದ ಸಕ್ಕರೆಯನ್ನು ಅವಕ್ಕೆ ಕೊಡುತ್ತದೆ, ಅವು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ನಾವು ಬೇಳೆಯಲ್ಲಿ ಉಣ್ಣುವ ಪ್ರೋಟೀನು ಈ ವ್ಯಾಪಾರದ ಲಾಭ. ಎಲೆಗಳನ್ನು ಉದುರಿಸಿ, ಬೇರನ್ನು ಆಳಕ್ಕೆ ಇಳಿಸಿ ತೊಗರಿಯು ತನ್ನ ಪಾಲಿನ ಇಂಗಾಲವನ್ನು ಹೊಲಕ್ಕೆ ತಾನೇ ಹಿಂದಿರುಗಿಸುತ್ತದೆ. ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ನೇತೃತ್ವದಲ್ಲಿ ವಿಜ್ಞಾನಿಗಳು 2011ರಲ್ಲಿ ತೊಗರಿಯ ವಂಶವಾಹಿಗಳ ಸಮಗ್ರ ಲಿಪಿಯನ್ನು ಓದಿ ಪ್ರಕಟಿಸಿದರು. ಅದಕ್ಕೂ ಮುನ್ನ 1986ರಲ್ಲಿ ಬಂದ ‘ಮಾರುತಿ’ ತಳಿಯು ನೆಟೆರೋಗವನ್ನು ತಡೆದು ಈ ಭಾಗದ ಎಷ್ಟೋ ಮನೆಗಳನ್ನು ಉಳಿಸಿತು. ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ಬೀಜ ಎಷ್ಟು ಉತ್ತಮವಾದರೂ ಬೀಳುವುದು ಅದೇ ಮಣ್ಣಿಗೆ.

ಈಗ ಸಿಮೆಂಟಿನ ಮಾತು. ಇದನ್ನು ಬಿಟ್ಟು ನಮ್ಮೂರಿನಲ್ಲಿ ಇಂಗಾಲದ ಪ್ರಸಂಗ ಪೂರ್ತಿಯಾಗುವುದಿಲ್ಲ. ಶಹಾಬಾದಿನಲ್ಲಿ ನಿಜಾಮರ ಕಾಲದಲ್ಲಿಯೇ ಸಿಮೆಂಟಿನ ಕಾರ್ಖಾನೆ ಬಂದಿತು. 1968ರಲ್ಲಿ ವಾಡಿಗೆ, 1984ರಲ್ಲಿ ಮಳಖೇಡಕ್ಕೆ, 1986ರಲ್ಲಿ ಸೇಡಂಗೆ. ಕಲ್ಲನ್ನು ಸುಟ್ಟು ನೂರು ಕಿಲೋದಿಂದ 56 ಕಿಲೋ ಸುಣ್ಣವನ್ನು ಉಳಿಸಿಕೊಂಡರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಕುಲುಮೆಯನ್ನು 1450 ಡಿಗ್ರಿಯವರೆಗೆ ಕಾಯಿಸಲು ಉರಿಸುವ ಕಲ್ಲಿದ್ದಲಿನದು ಬೇರೆ. ಹೀಗೆ, ಹಾರುಬೂದಿಯಂಥ ಪದಾರ್ಥವನ್ನು ಬೆರೆಸದ 50 ಕಿಲೋ ಸಿಮೆಂಟಿನ ಒಂದು ಚೀಲದ ಹಿಂದೆ ಸರಿಸುಮಾರು 40 ಕಿಲೋ ಡೈಆಕ್ಸೈಡ್ ಇದೆ. ಮನುಷ್ಯರು ಗಾಳಿಗೆ ಬಿಡುವ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡ 7-8 ಭಾಗ ಲೋಕದ ಸಿಮೆಂಟಿನದಂತೆ. ಕಾರ್ಖಾನೆಗಳ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 280 ಭಾಗವಿದ್ದ ಆ ಅನಿಲವು ಈಗ 420ನ್ನು ದಾಟಿದೆ.

ಇದನ್ನು ಬರೆದದ್ದರಿಂದ ನಾನು ಕಾರ್ಖಾನೆಗಳ ವೈರಿಯೆಂದು ಯಾರೂ ಭಾವಿಸಬಾರದು. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿಯ ಮನೆಯ ದೀಪ ಅವುಗಳಿಂದ ಉರಿದಿದೆ. ಮಳೆ ಹೋದ ವರ್ಷಗಳಲ್ಲಿ ಹೊಲ ಕೊಡದ ಅನ್ನವನ್ನು ಅವು ಕೊಟ್ಟಿವೆ. ನಮ್ಮ ಪೂರ್ವಿಕರೂ ಈ ಕಲ್ಲನ್ನು ನಂಬಿಯೇ ಬಾಳಿದವರು. ಸನ್ನತಿಯ ಹತ್ತಿರ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರಿನೊಡನೆ ಅವನ ರೂಪವನ್ನು ಕಂಡರಿಸಿದ್ದು ಸುಣ್ಣದಕಲ್ಲಿನ ಮೇಲೆಯೇ. ಕಾಗಿಣಾ ತೀರದ ಮಳಖೇಡವು ಮಾನ್ಯಖೇಟವಾಗಿ ಮೆರೆದಾಗ, ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿದಾಗ, ಅವರ ಕಾಲಡಿಯಲ್ಲಿದ್ದುದು ಇದೇ ನೆಲ. ಹಿಂದಿನವರ ಗಚ್ಚಿನ ಗೋಡೆಯಲ್ಲಿ ಸುಟ್ಟ ಸುಣ್ಣವು ವರ್ಷಾನುಗಟ್ಟಲೆ ಗಾಳಿಯಿಂದ ತನ್ನ ಇಂಗಾಲವನ್ನು ಮರಳಿ ಎಳೆದುಕೊಂಡು ಮತ್ತೆ ಕಲ್ಲಾಗುತ್ತಿತ್ತು. ಸಿಮೆಂಟಿನ ಗೋಡೆಯೂ ಸ್ವಲ್ಪಮಟ್ಟಿಗೆ, ಬಹು ನಿಧಾನವಾಗಿ ಹಾಗೆ ಮಾಡುತ್ತದೆ. ಕಲ್ಲಿದ್ದಲಿನಿಂದ ಹೋದದ್ದು ಮಾತ್ರ ಹಿಂದಿರುಗುವುದಿಲ್ಲ.

ನನಗೆ ಅತ್ಯಂತ ಸೋಜಿಗವೆನಿಸಿದ ಸಂಗತಿ ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯವರು ಇಸ್ರೋದವರೊಡನೆ ಕೂಡಿ ಚಂದ್ರನ ಮಣ್ಣನ್ನು ಹೋಲುವ ಪುಡಿಗೆ ಒಂದು ಬ್ಯಾಕ್ಟೀರಿಯಾವನ್ನೂ ಯೂರಿಯಾವನ್ನೂ ಕ್ಯಾಲ್ಸಿಯಂ ಅನ್ನೂ ಗೋರಿಕಾಯಿಯ ಬೀಜದಿಂದ ತೆಗೆದ ಅಂಟನ್ನೂ ಸೇರಿಸಿ, ಕುಲುಮೆಯಿಲ್ಲದೆ ಇಟ್ಟಿಗೆಯಂಥ ಗಟ್ಟಿಯನ್ನು ಮಾಡಿದರೆಂದು 2020ರಲ್ಲಿ ವರದಿಯಾಯಿತು. ಆ ಸೂಕ್ಷ್ಮಜೀವಿಯು ಯೂರಿಯಾವನ್ನು ಒಡೆದು, ಅದರ ಇಂಗಾಲವನ್ನು ಕ್ಯಾಲ್ಸಿಯಮ್ಮಿಗೆ ಕೂಡಿಸಿ ಸುಣ್ಣದಕಲ್ಲನ್ನು ಹೆಣೆಯುತ್ತದೆ. ನಮ್ಮ ಪ್ರಾಚೀನ ಸಮುದ್ರವು ಯುಗಗಟ್ಟಲೆ ಮಾಡಿದ ಕೆಲಸ ಕೆಲವೇ ದಿನಗಳಲ್ಲಿ ಒಂದು ಅಚ್ಚಿನೊಳಗೆ ನಡೆಯಿತು. ಅದರಿಂದ ನಾಳೆಯೇ ಮನೆ ಕಟ್ಟಬಹುದೆಂದು ಯಾರೂ ಹೇಳುತ್ತಿಲ್ಲ. ಆದರೆ ಕಲ್ಲಿನ ನಾಡಿನಲ್ಲಿ ಹುಟ್ಟಿದ ಹುಡುಗನಿಗೆ ಇದನ್ನು ಹೇಳಿದರೆ ಅವನ ಕಣ್ಣು ಹೇಗೆ ಅರಳುತ್ತದೆಂಬುದನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ.

ಇಂಧನದ ವಿಷಯದಲ್ಲಿ ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. ಕಲ್ಲಿದ್ದಲಿನ ಇಂಗಾಲ ಕೋಟ್ಯಂತರ ವರ್ಷ ಹೂತಿದ್ದುದು. ಕಟ್ಟಿಗೆಯ ಇಂಗಾಲ ಹೋದ ವರ್ಷದ್ದು. ಕಬ್ಬು, ಮೆಕ್ಕೆಜೋಳಗಳನ್ನು ಹುದುಗಿಸಿ ತೆಗೆದ ಎಥೆನಾಲನ್ನು ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಬೆರೆಸುವ ಗುರಿಯನ್ನು ನಮ್ಮ ದೇಶವು 2025ರಲ್ಲಿ ಮುಟ್ಟಿತು. ಹೊಸ ಇಂಗಾಲವನ್ನು ಸುಡುವುದು ಹಳೆಯದನ್ನು ಅಗೆದು ಸುಡುವುದಕ್ಕಿಂತ ಮೇಲೆಂಬುದು ನಿಜ. ಆದರೆ ಕಬ್ಬಿಗೆ ಬೇಕಾದ ನೀರು ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ಉತ್ತರ ಹೇಳದೆ ಜಯಕಾರ ಮಾಡಲಾರೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಸೀಮೆಗೆ ಒಪ್ಪುವ ಜೈವಿಕ ತಂತ್ರಜ್ಞಾನವೆಂದರೆ ತಿಪ್ಪೆಯೇ. ಕನ್ನಡದಲ್ಲಿ ‘ತಿಪ್ಪೆ ಸಾರಿಸುವುದು’ ಎಂಬ ನುಡಿಗಟ್ಟನ್ನು ತಪ್ಪು ಮುಚ್ಚುವುದಕ್ಕೆ ಬಳಸಿ ಆ ಶಬ್ದಕ್ಕೆ ನಾವು ಅನ್ಯಾಯ ಮಾಡಿದ್ದೇವೆ. ಸಗಣಿಯನ್ನು ಕುಳ್ಳು ತಟ್ಟಿ ಸುಟ್ಟರೆ ಬೆಂಕಿ ಮಾತ್ರ ಸಿಗುತ್ತದೆ, ತಿಪ್ಪೆಗೆ ಹಾಕಿದರೆ ಗೊಬ್ಬರ ಮಾತ್ರ. ಗೋಬರ್ ಗ್ಯಾಸಿನ ತೊಟ್ಟಿಗೆ ಹಾಕಿದರೆ ಎರಡೂ ಸಿಗುತ್ತವೆ. ಇಪ್ಪತ್ತೈದು ಕಿಲೋ ಸಗಣಿಯಿಂದ ಸುಮಾರು ಒಂದು ಘನಮೀಟರು ಅನಿಲ ಬರುತ್ತದೆ, ಉಳಿದ ಬಗ್ಗಡದಲ್ಲಿ ಸಾರಜನಕವೂ ಒಂದು ಪಾಲು ಇಂಗಾಲವೂ ಹೊಲಕ್ಕೆ ಉಳಿಯುತ್ತವೆ. ತೊಗರಿ ಕಟ್ಟಿಗೆ ಗಡುಸಾದುದು, ಹಾಗೆಯೇ ಮಣ್ಣಿಗೆ ಸೇರಿಸಿದರೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಕಸಿಯುತ್ತದೆ; ಅದನ್ನು ಯಂತ್ರದಿಂದ ಚೂರು ಮಾಡಿ ಈ ಬಗ್ಗಡದೊಡನೆ ಗುಂಡಿಯಲ್ಲಿ ಕೊಳೆಸಬೇಕು. ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡಿ ಮಣ್ಣಿಗೆ ಸೇರಿಸಿದರೆ ಆ ಇಂಗಾಲ ಬಹುಕಾಲ ನಿಲ್ಲುತ್ತದೆಂದೂ ಹೇಳುತ್ತಾರೆ. ಹಾಗಾದರೆ ನನ್ನ ‘ಇಂಗಳ’ ಅರ್ಧ ಸರಿಯಾಗಿಯೇ ಇತ್ತು. ಬೂದಿಯಾಗುವವರೆಗೆ ಉರಿಯಲು ಬಿಟ್ಟದ್ದೇ ತಪ್ಪು.

ಈ ಹಿನ್ನೆಲೆಯಲ್ಲಿ ದಾನಿ ಮಹಾಶಯರಿಗೆ ನನ್ನದೊಂದು ವಿಜ್ಞಾಪನೆ. ನಮ್ಮ ಶಾಲೆಯ ಮುಂದೆ ಕಾಂಕ್ರೀಟಿನ ಮಹಾದ್ವಾರವೊಂದನ್ನು ಎತ್ತಬೇಕೆಂದೂ ಆವರಣಕ್ಕೆಲ್ಲ ನೆಲಗಟ್ಟು ಹಾಕಿಸಬೇಕೆಂದೂ ಹಲವರ ಆಸೆ. ಆಸೆ ಭಕ್ತಿಯಿಂದ ಹುಟ್ಟಿದ್ದೆಂಬುದನ್ನು ಬಲ್ಲೆ. ಆದರೂ ಒಂದು ಲೆಕ್ಕವನ್ನು ಮುಂದಿಡುತ್ತೇನೆ. ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯನು ಅಮೋಘವರ್ಷನ ಆಳಿಕೆಯವನಾದುದರಿಂದ ಲೆಕ್ಕ ನಮಗೆ ಪರದೇಶದ್ದಲ್ಲ. ಈ ಎರಡೂ ಕೆಲಸಕ್ಕೆ ಸಾವಿರ ಚೀಲ ಸಿಮೆಂಟು ಹಿಡಿಯಿತೆಂದು ಇಟ್ಟುಕೊಳ್ಳೋಣ. ಚೀಲಕ್ಕೆ 40 ಕಿಲೋದಂತೆ 40,000 ಕಿಲೋ ಡೈಆಕ್ಸೈಡ್; ಅದರೊಳಗಿನ ಇಂಗಾಲ ಹತ್ತಿರ ಹತ್ತಿರ 10,900 ಕಿಲೋ. ಅಷ್ಟನ್ನು ಮಣ್ಣಿನಲ್ಲಿ ಮರಳಿ ನಿಲ್ಲಿಸಬೇಕಾದರೆ ಹನ್ನೆರಡು ಎಕರೆ ಹೊಲದ ಸಾವಯವ ಇಂಗಾಲವನ್ನು 0.1ರಷ್ಟು ಏರಿಸಬೇಕು. ಯಾವ ಹನ್ನೆರಡು ಎಕರೆ, ಯಾರ ಕೈಯಿಂದ, ಎಷ್ಟು ವರ್ಷದಲ್ಲಿ ಎಂಬುದನ್ನು ಹೇಳಿದವರು ಮಹಾದ್ವಾರವನ್ನು ಕಟ್ಟಿಸಲಿ, ನಾನೇ ಅದಕ್ಕೆ ಶಾಸನದ ಪದ್ಯ ಬರೆದುಕೊಡುತ್ತೇನೆ.

ಅಷ್ಟು ಹಣದಲ್ಲಿ ಏನು ಮಾಡಬಹುದೆಂದರೆ, ಪ್ರಸಾದನಿಲಯದ ಅಡಿಗೆಮನೆಗೆ ಗೋಬರ್ ಗ್ಯಾಸಿನ ತೊಟ್ಟಿ, ಅದರ ಪಕ್ಕದಲ್ಲಿ ಗೊಬ್ಬರದ ಗುಂಡಿಗಳು, ತೊಗರಿ ಕಟ್ಟಿಗೆಯನ್ನು ಚೂರು ಮಾಡುವ ಒಂದು ಯಂತ್ರ. ಇವಿಷ್ಟಾದ ಮೇಲೆ ಹಳ್ಳಿಗಳಿಂದ ಬರುವ ಮಕ್ಕಳು ತಮ್ಮ ಹೊಲದ ಚೀಟಿಯನ್ನು ತಂದು ಓದಿಕೊಳ್ಳಲು ವಾರಕ್ಕೊಂದು ಅವಧಿ. ಆ ಅವಧಿಯನ್ನು ಕನ್ನಡ ಪಂಡಿತನೂ ವಿಜ್ಞಾನದ ಅಧ್ಯಾಪಕನೂ ಕೂಡಿಯೇ ನಡೆಸಬೇಕೆಂಬುದು ನನ್ನ ಹಟ. ವಿಜ್ಞಾನದವರು ಬಿಟ್ಟ ಶಬ್ದವನ್ನು ನಾವೂ, ನಾವು ಬಿಟ್ಟ ವಸ್ತುವನ್ನು ಅವರೂ ಹಿಡಿದರೆ ಮಗುವಿಗೆ ಪೂರ್ತಿ ಮಾತು ಸಿಕ್ಕೀತು. ತಿಪ್ಪೆಯ ಮೇಲೆ ದಾನಿಗಳ ಹೆಸರನ್ನು ಹೇಗೆ ಕೆತ್ತಿಸುವುದೆಂದು ಒಬ್ಬ ಹಿರಿಯರು ಸಭೆಯಲ್ಲಿ ನಕ್ಕರು. ಗುಂಡಿಯ ಕಟ್ಟೆಗೆ ಶಹಾಬಾದ ಫರಸಿಯನ್ನೇ ಹಾಸಿ ಅದರ ಮೇಲೆ ಕೆತ್ತಿಸಬಹುದೆಂದು ನಾನು ಅರಿಕೆ ಮಾಡಿದ್ದೇನೆ. ಆ ಕಲ್ಲನ್ನು ಸುಡಬೇಕಾಗಿಲ್ಲ, ಗಣಿಯಿಂದ ಸೀಳಿ ತಂದರೆ ಸಾಕು.

ನನ್ನ ಶಿಷ್ಯನ ಮನೆಗೆ ನಾನು ಆ ವರ್ಷವೇ ಹೋಗಿ, ಹೇಳಿದ್ದು ತಪ್ಪಾಯಿತೆಂದು ಒಪ್ಪಿಕೊಂಡೆ. ಅವನು ಬಹಳ ಸಂಕೋಚಪಟ್ಟು, “ಇರಲಿ ಬಿಡ್ರಿ ಸರ, ಒಂದು ವರ್ಷದ ಕಟ್ಟಿಗಿ ಹೋತು, ಹೊಲ ಎಲ್ಲಿ ಹೋಗ್ತದ” ಎಂದ. ಈಗ ಅವನು ಕಟ್ಟಿಗೆಯನ್ನು ಸುಡುವುದಿಲ್ಲ. ಮನೆಯ ಹಿಂದೆ ಎರಡು ಗುಂಡಿ ತೋಡಿದ್ದಾನೆ. ಚೂರು ಮಾಡುವ ಯಂತ್ರಕ್ಕೆ ಬಾಡಿಗೆ ಹೆಚ್ಚೆಂದು ಕೊಡಲಿಯಿಂದಲೇ ಕಡಿದು ಹಾಕುತ್ತಾನೆ. ಅದರಿಂದ ಕೊಳೆಯುವುದು ತಡವಾಗುತ್ತದೆ. ಅವನ ಮನೆಯವರು ಆ ಗುಂಡಿಗೆ ‘ಇಂಗಾಲದ ತಗ್ಗು’ ಎನ್ನುತ್ತಾರೆ. ಮೊನ್ನೆ ತೆಗೆಸಿದ ಮಣ್ಣಿನ ಪರೀಕ್ಷೆಯ ಚೀಟಿ ಇನ್ನೂ ಕೈಗೆ ಬಂದಿಲ್ಲವಂತೆ. ಬಂದ ಕೂಡಲೆ ಶಾಲೆಗೇ ತರುತ್ತೇನೆಂದಿದ್ದಾನೆ.